ಪದ ಪರಿಚಯ: ಥ್ರಾಟಲ್ ಜಾಮ್

ಹೋದ ಮಳೆಗಾಲದ ಮಾತು. ಉಡುಪಿಯಿಂದ ಮಣಿಪಾಲಕ್ಕೆ ಹೋಗುವಾಗ ಇಂದ್ರಾಳಿ ದಾಟಿ ಏರು ಸಿಗುತ್ತದಲ್ಲ, ಅಲ್ಲಿ ನನ್ನ ಕಾರಿನ ದಮ್ಮು ಹೋಯಿತು. ಇಂಜಿನ್ ಬಂದ್ ಆಗಲಿಲ್ಲ. ಆಕ್ಸಿಲರೇಟರ್ ಎಷ್ಟು ತುಳಿದರೂ ಅದೇ ಗುಂಯ್ ಸದ್ದು, ವೇಗ ಮಾತ್ರ ಇಲ್ಲ. ಮೀಟರಿನಲ್ಲಿ ಹಳದಿ ಇಂಜಿನ್ ದೀಪ. ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ, ಸ್ವಲ್ಪ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗದವರ ಹಾಗೆ ಏರು ಹತ್ತಿತು! ಮರುದಿನ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ತೀರ್ಪು ಅಲ್ಲೇ ಬಂತು: "ಥ್ರಾಟಲ್ ಜಾಮ್. ಬಾಡಿಯೇ ಚೇಂಜ್ ಮಾಡ್ಬೇಕು." (ಬಾಡಿ ಅಂದರೆ ಕಾರಿನದ್ದಲ್ಲ, ಥ್ರಾಟಲ್ ಕೂತಿರುವ ಇಡೀ ಭಾಗ.)

ಥ್ರಾಟಲ್ ಅನ್ನುವ ಇಂಗ್ಲಿಷ್ ಪದದ ಬೇರು ಇರುವುದು ಗಂಟಲಿನಲ್ಲಿ. ಥ್ರಾಟಲ್ ಮಾಡು ಅಂದರೆ ಕುತ್ತಿಗೆ ಹಿಚುಕು ಅಂತ. ನಾವು ನೋಡಿದರೆ "ಥ್ರಾಟಲ್ ಕೊಡು ಮಾರಾಯ" ಅಂದು ವೇಗ ಹೆಚ್ಚಿಸಲು ಹೇಳುತ್ತೇವೆ. ಉಲ್ಟಾ ಅಲ್ವಾ? ಆದರೆ ಹೆಸರು ಸರಿಯಾಗಿಯೇ ಉಂಟು. ಪೆಟ್ರೋಲ್ ಇಂಜಿನ್ ಉಸಿರೆಳೆಯುವ ಕೊಳವೆಯಲ್ಲಿ ಒಂದು ದುಂಡು ತಗಡು ಇರುತ್ತದೆ. ನಡುವೆ ಒಂದು ಅಕ್ಷ. ಅದು ಚಿಟ್ಟೆಯ ರೆಕ್ಕೆಯ ಹಾಗೆ ತಿರುಗುವುದರಿಂದ ಬಟರ್‌ಫ್ಲೈ ವಾಲ್ವ್ ಅಂತಲೂ ಕರೆಯುತ್ತಾರೆ. ಅಡ್ಡ ನಿಂತರೆ ಇಂಜಿನ್ನಿಗೆ ಗಂಟಲು ಕಟ್ಟುತ್ತದೆ, ಓರೆಯಾದಷ್ಟೂ ಗಾಳಿ ಜಾಸ್ತಿ. ಗಾಳಿ ಎಷ್ಟೋ ಪೆಟ್ರೋಲ್ ಅಷ್ಟು. (ಡೀಸೆಲ್ ಇಂಜಿನ್ನಿನ ಲೆಕ್ಕ ಬೇರೆ. ಅಲ್ಲಿ ಎಳೆತ ಹೆಚ್ಚು ಕಡಿಮೆ ಮಾಡುವುದು ಡೀಸೆಲ್‌ನ ಅಳತೆ, ಗಾಳಿಯದ್ದಲ್ಲ.)

ಹಳೆಯ ಕಾರುಗಳಲ್ಲಿ ಪೆಡಲಿನಿಂದ ಈ ತಗಡಿಗೆ ಒಂದು ಕೇಬಲ್ ಇತ್ತು. ಜಾಮ್ ಅಂದರೆ ಕೇಬಲ್ ಹಿಡಿದುಕೊಂಡಿದೆ, ಎಣ್ಣೆ ಬಿಡು, ಮುಗಿಯಿತು. ಈಗ ಕೇಬಲ್ ಇಲ್ಲ. ಪೆಡಲಿನಲ್ಲಿ ಸೆನ್ಸರ್, ತಗಡಿನ ಪಕ್ಕದಲ್ಲಿ ಪುಟ್ಟ ಮೋಟಾರ್ ಮತ್ತು ಹಲ್ಲಿನ ಚಕ್ರಗಳು, ನಡುವೆ ಇಸಿಯು ಅನ್ನುವ ಕಂಪ್ಯೂಟರ್. ನಿಮ್ಮ ಕಾಲು ಅರ್ಜಿ ಹಾಕುತ್ತದೆ, ಮಂಜೂರು ಮಾಡುವುದು ಇಸಿಯು.

ಆ ಇಸಿಯು ಬಹಳ ಸಂಶಯದ ಪ್ರಾಣಿ. ಒಂದು ಸೆನ್ಸರ್ ಹೇಳಿದ್ದನ್ನು ನಂಬುವುದಿಲ್ಲ. ಹಾಗಾಗಿ ಪೆಡಲಿಗೂ ಎರಡು, ತಗಡಿಗೂ ಎರಡು. ತಗಡಿನ ಎರಡರಲ್ಲಿ ಒಂದರ ವೋಲ್ಟೇಜ್ ಏರಿದರೆ ಇನ್ನೊಂದರದ್ದು ಇಳಿಯುವಂತೆ ಎಷ್ಟೋ ಕಾರುಗಳಲ್ಲಿ ಮಾಡಿರುತ್ತಾರೆ. ಕೂಡಿಸಿದರೆ ಯಾವಾಗಲೂ ಸುಮಾರು 5 ವೋಲ್ಟ್ ಬರಬೇಕು. ಲೆಕ್ಕ ತಪ್ಪಿತೋ, ಇಸಿಯು ಮೋಟಾರಿನ ಕರೆಂಟ್ ತೆಗೆದುಬಿಡುತ್ತದೆ. ಆಗ ತಗಡನ್ನು ಸ್ಪ್ರಿಂಗ್ ಎಳೆದುಕೊಂಡು ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ. ಅದು ಪೂರ್ತಿ ಮುಚ್ಚಿದ ಜಾಗವಲ್ಲ, ಬೇಕೆಂದೇ ಬಿಟ್ಟ ಸಣ್ಣ ಸಂದು. ಕಾರು ತೆವಳಿಕೊಂಡಾದರೂ ರಸ್ತೆ ಬದಿಗೆ ಹೋಗಲಿ ಅಂತ. ಇದಕ್ಕೆ ಲಿಂಪ್ ಮೋಡ್ ಅಂತ ಹೆಸರು. ಕುಂಟುವ ಸ್ಥಿತಿ.

ಗೊಂದಲ ಇರುವುದು ಇಲ್ಲೇ. ತಗಡು ನಿಜವಾಗಿ ಕಚ್ಚಿಕೊಂಡರೂ ಗ್ಯಾರೇಜಿನಲ್ಲಿ ಥ್ರಾಟಲ್ ಜಾಮ್. ತಗಡು ಚೆನ್ನಾಗಿದ್ದು ಇಸಿಯು ಕೈಬಿಟ್ಟಿದ್ದರೂ ಥ್ರಾಟಲ್ ಜಾಮ್. ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ರಿಪೇರಿ ಮಾತ್ರ ಬೇರೆ ಬೇರೆ.

ಸ್ಕ್ಯಾನರ್ ತೋರಿಸುವ ದೋಷದ ಕೋಡ್ ನಂಬರ್ ಕೇಳಿ ಬರೆದುಕೊಳ್ಳಿ. ಪಿ 2111 ಅಂದರೆ ತೆರೆದೇ ನಿಂತಿದೆ, ಪಿ 2112 ಅಂದರೆ ಮುಚ್ಚಿಯೇ ನಿಂತಿದೆ. ಇವೆರಡು ಕಚ್ಚಿಕೊಂಡದ್ದರ ದೂರು. ಪಿ 2135 ಹಾಗಲ್ಲ, ತಗಡಿನ ಎರಡು ಸೆನ್ಸರ್‌ಗಳ ಮಾತು ತಾಳೆಯಾಗುತ್ತಿಲ್ಲ ಅಂತ. ಪಿ 2138 ಆದರೆ ಪೆಡಲಿನ ಸೆನ್ಸರ್‌ಗಳದ್ದು. ನನ್ನ ಕಾರಿನಲ್ಲಿ ಇದ್ದದ್ದು 2135. ಅಂದರೆ ಏನೂ ಕಚ್ಚಿಕೊಂಡಿರಲೇ ಇಲ್ಲ!

ನಿಜವಾಗಿ ಕಚ್ಚಿಕೊಂಡಿದೆಯೋ ನೋಡುವುದು ಸುಲಭ. ಕೀ ಆಫ್ ಮಾಡಿ, ಗಾಳಿಯ ದಪ್ಪ ಪೈಪ್ ಬಿಚ್ಚಿ, ತಗಡನ್ನು ಮೆಲ್ಲಗೆ ಒತ್ತಬೇಕು. ಸ್ಪ್ರಿಂಗಿನ ಬಿಗಿ ಸಿಗಬೇಕು, ಬಿಟ್ಟ ಕೂಡಲೇ ತಾನಾಗಿ ಮರಳಬೇಕು. ಕೀ ಆನ್ ಇದ್ದಾಗ ಬೆರಳು ಹಾಕಲೇಬೇಡಿ, ಮೋಟಾರ್ ಹೇಳದೆ ಕೇಳದೆ ತಿರುಗುತ್ತದೆ. ತಡೆದು ತಡೆದು ಚಲಿಸಿದರೆ ಅಂಚು ನೋಡಿ. ಇಂಜಿನ್ನಿನ ಎಣ್ಣೆ ಹಬೆ ಅಲ್ಲಿ ಕೂತು ಕಪ್ಪು ಮಸಿಯ ಬಳೆ ಕಟ್ಟಿರುತ್ತದೆ. ಐಡಲಿನಲ್ಲಿ, ಅಂದರೆ ಪೆಡಲ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ, ತಗಡಿಗೂ ಗೋಡೆಗೂ ನಡುವೆ ಇರುವ ಸಂದು ತೀರಾ ಸಣ್ಣದು, ಅಷ್ಟು ಮಸಿ ಸಾಕು. ಥ್ರಾಟಲ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿದರೆ ಹೋಗುತ್ತದೆ. ಮಸಿ ಇಲ್ಲದೆಯೂ ತಡೆಯುತ್ತಿದ್ದರೆ ಒಳಗಿನ ಹಲ್ಲಿನ ಚಕ್ರ ಸವೆದಿರಬಹುದು. ಆಗ ಬಾಡಿ ಬದಲಿಸುವ ಮಾತಿಗೆ ಅರ್ಥ ಉಂಟು.

ತಗಡು ಸಲೀಸಾಗಿದ್ದರೆ ಸ್ಕ್ಯಾನರಿನ ಲೈವ್ ಡೇಟಾ ನೋಡಿಸಿ. ಇಸಿಯು ಕೇಳಿದ ಕೋನ ಒಂದು ಸಾಲಿನಲ್ಲಿ, ತಗಡು ತಿರುಗಿದ ಕೋನ ಇನ್ನೊಂದರಲ್ಲಿ ಬರುತ್ತದೆ. ಪೆಡಲ್ ಒತ್ತಿದಾಗ ಎರಡೂ ಒಟ್ಟಿಗೆ ಏರಬೇಕು. ಕೇಳಿದ್ದು ಏರಿ ತಿರುಗಿದ್ದು ಏರದಿದ್ದರೆ ತಪ್ಪು ಥ್ರಾಟಲಿನ ಕಡೆ. ಕೇಳಿದ್ದೇ ಏರದಿದ್ದರೆ ಒಂದೋ ಪೆಡಲಿನ ಕಡೆ ತಪ್ಪು, ಇಲ್ಲವೇ ಇಸಿಯು ಆಗಲೇ ಕುಂಟುವ ಸ್ಥಿತಿಗೆ ಹೋಗಿದೆ. ಹಾಗಾದರೆ ಕೋಡ್ ಅಳಿಸಿ ಇನ್ನೊಮ್ಮೆ ನೋಡಬೇಕು.

ನಾನು ಬಾಡಿ ಬದಲಿಸದೆ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಇಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಇಟ್ಟು, ಸ್ಕ್ಯಾನರ್ ನೋಡುತ್ತಾ ಥ್ರಾಟಲಿನ ವಯರನ್ನು ಸುಮ್ನೆ ಅಲುಗಾಡಿಸಿದರು. ಒಂದು ಸೆನ್ಸರಿನ ವೋಲ್ಟೇಜ್ ಕುಣಿಯಿತು. ವಯರು ಥ್ರಾಟಲಿಗೆ ಸೇರುವ ಕಪ್ಲರ್ ಎಳೆದರೆ ಆರು ಪಿನ್ನುಗಳು. ಎರಡು ಮೋಟಾರಿನದ್ದು, ನಾಲ್ಕು ಸೆನ್ಸರ್‌ಗಳದ್ದು. ಅದರಲ್ಲಿ ಒಂದಕ್ಕೆ ಹಸಿರು ಕಿಲುಬು. "ಸಮುದ್ರದ ಗಾಳಿ ಅಲ್ವಾ, ನಮ್ಮಲ್ಲಿ ಇದು ಜಾಸ್ತಿ" ಅಂದರು. ಹೊಸ ಬಾಡಿ ಹಾಕಿದ್ದರೂ ಅದೇ ಹಳೆ ಕಪ್ಲರನ್ನೇ ಚುಚ್ಚುತ್ತಿದ್ದರು.

ಪಿನ್ ಕ್ಲೀನ್ ಮಾಡಿ, ಹೇಗೂ ಬಿಚ್ಚಿದೆ ಅಂತ ಮಸಿಯನ್ನೂ ಒರೆಸಿದರು. ಸ್ಟಾರ್ಟ್ ಮಾಡಿದರೆ ಐಡಲ್ ಮೊದಲಿಗಿಂತ ಮೇಲೆ! ನನಗೆ ಮತ್ತೆ ಗಾಬರಿ. ಮಸಿ ಕಟ್ಟಿದಷ್ಟೂ ತಗಡನ್ನು ತುಸು ಹೆಚ್ಚು ತೆರೆಯಲು ಇಸಿಯು ಕಲಿತಿರುತ್ತದಂತೆ. ಮಸಿ ಹೋದ ಮೇಲೂ ಹಳೆ ಲೆಕ್ಕ ಬಿಟ್ಟಿರಲಿಲ್ಲ. ಸ್ಕ್ಯಾನರಿನಲ್ಲಿ ರೀಲರ್ನ್, ಅಂದರೆ ಹೊಸದಾಗಿ ಕಲಿ ಅನ್ನುವ ಆಜ್ಞೆ, ಕೊಟ್ಟ ಮೇಲೆ ಇಳಿಯಿತು.