ಬಿ-ಲೈನ್: ಶ್ವಾಸಕೋಶದ ನೀರು ಬರೆಯುವ ಗೆರೆ

ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂತ ಅಜ್ಜಿಯನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆತರುತ್ತಾರೆ. ಒಂದು ಮಾತು ಪೂರ್ತಿ ಆಡಲಾರದಷ್ಟು ಏದುಸಿರು. ಇದು ಉಬ್ಬಸವೋ, ಹೃದಯ ಸೋತು ಶ್ವಾಸಕೋಶದೊಳಗೆ ನೀರು ಸೇರಿದ್ದೋ? ಸ್ಟೆತಾಸ್ಕೋಪ್ ಇಟ್ಟರೆ ಎರಡರಲ್ಲೂ ಸುಂಯ್‌ಗುಟ್ಟುವ ಸದ್ದೇ ಕೇಳಬಹುದು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಆಗ ಅಜ್ಜಿಯನ್ನು ಮಲಗಿಸದೆ, ಕೂತಲ್ಲೇ, ಪಕ್ಕೆಲುಬುಗಳ ನಡುವೆ ಜೆಲ್ ಹಚ್ಚಿದ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ವೈದ್ಯರು ಹುಡುಕುವುದು ಬಿ-ಲೈನ್‌ಗಳನ್ನು.

ಗಾಳಿ ಎದುರಾದರೆ ಅಲ್ಟ್ರಾಸೌಂಡ್ ಅಲೆ ಮುಂದೆ ಹೋಗದೆ ಹಿಂದಿರುಗುತ್ತದೆ. ಹೀಗಾಗಿ ಶ್ವಾಸಕೋಶಕ್ಕೆ ಈ ಸ್ಕ್ಯಾನ್ ಉಪಯೋಗವಿಲ್ಲ ಎಂದೇ ಬಹುಕಾಲ ನಂಬಿದ್ದರು. ನಿಜಕ್ಕೂ ಪರದೆಯಲ್ಲಿ ಕಾಣುವುದು ಶ್ವಾಸಕೋಶದ ಚಿತ್ರವಲ್ಲ, ಅಲೆಗಳ ಪ್ರತಿಧ್ವನಿ. ಶ್ವಾಸಕೋಶದ ಹೊರಪೊರೆ ಪ್ಲೂರಾ ಒಂದು ಹೊಳೆಯುವ ಗೆರೆ. ಒಳಗೆ ಬರೀ ಗಾಳಿಯಿದ್ದರೆ ಅದರ ಕೆಳಗೆ ಸಮ ಅಂತರದಲ್ಲಿ ಅಡ್ಡಗೆರೆಗಳು ಮೂಡುತ್ತವೆ, ಇವು ಎ-ಲೈನ್. ಗಾಳಿಗೂಡುಗಳ ನಡುವಿನ ಗೋಡೆಗಳು ನೀರುಂಡು ದಪ್ಪಗಾದರೆ ಪ್ಲೂರಾದಿಂದ ಬಿಳಿ ಗೆರೆಯೊಂದು ನೇರ ಕೆಳಗಿಳಿಯುತ್ತದೆ. ಟಾರ್ಚ್ ಬೆಳಕಿನ ಕೋಲಿನಂತೆ, ಮಾಸದೆ, ಪರದೆಯ ತಳದವರೆಗೆ. ದಾರಿಯಲ್ಲಿ ಸಿಕ್ಕ ಎ-ಲೈನ್‌ಗಳನ್ನು ಅಳಿಸುತ್ತದೆ, ಉಸಿರಾಟದ ಜೊತೆ ಅತ್ತಿತ್ತ ಸರಿಯುತ್ತದೆ. ಅದೇ ಬಿ-ಲೈನ್.

ಒಂದೆರಡು ಗೆರೆ ಆರೋಗ್ಯವಂತರಲ್ಲೂ ಕಾಣುತ್ತವೆ. ಎರಡು ಪಕ್ಕೆಲುಬುಗಳ ನಡುವೆ ಮೂರು ಅಥವಾ ಹೆಚ್ಚಿದ್ದರೆ ಎಚ್ಚರ. ಎದೆಯ ಎರಡೂ ಬದಿ ಹಾಗಿದ್ದರೆ ಹೃದಯದ ಕಡೆ ಅನುಮಾನ, ಒಂದೇ ಕಡೆ ಗುಂಪಾಗಿದ್ದರೆ ನ್ಯುಮೋನಿಯಾ ಇರಬಹುದು. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲೂ ಇವು ಬರುವುದರಿಂದ ಗೆರೆಯೊಂದನ್ನೇ ನಂಬಿ ತೀರ್ಮಾನಿಸಬಾರದು. ಇವೆಲ್ಲವನ್ನೂ ಕ್ರಮವಾಗಿ ನೋಡುವ ‘ಬ್ಲೂ ಪ್ರೋಟೋಕಾಲ್’ ಅನ್ನು ಫ್ರಾನ್ಸಿನ ತೀವ್ರನಿಗಾ ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದರು. ಅವರು ಪರಿಶೀಲಿಸಿದ 260 ರೋಗಿಗಳಲ್ಲಿ ಶೇ. 90.5ರಷ್ಟು ಮಂದಿಯ ಕಾಯಿಲೆ ಈ ಕ್ರಮದಿಂದ ಸರಿಯಾಗಿ ಗೊತ್ತಾಗಿತ್ತು.

ನಮ್ಮಲ್ಲಿ ಒಂದು ಗೊಂದಲ ಸದಾ ಇದೆ. “ಶ್ವಾಸಕೋಶದಲ್ಲಿ ನೀರು ತುಂಬಿದೆ” ಎಂದರೆ ಮನೆಯವರು ಕೇಳುವುದು, “ಸೂಜಿ ಹಾಕಿ ತೆಗೀಬಹುದಲ್ವಾ ಡಾಕ್ಟ್ರೇ?” ಸೂಜಿಗೆ ಸಿಗುವುದು ಶ್ವಾಸಕೋಶದ ಹೊರಗೆ, ಪೊರೆಗಳ ನಡುವೆ ನಿಂತ ನೀರು; ಸ್ಕ್ಯಾನ್‌ನಲ್ಲಿ ಅದು ಕಪ್ಪಗೆ ಕಾಣುತ್ತದೆ. ಬಿ-ಲೈನ್ ಹೇಳುವುದು ಒದ್ದೆ ಸ್ಪಂಜಿನಂತೆ ಒಳಗೇ ಹೀರಿಕೊಂಡ ನೀರನ್ನು. ಹೃದಯ ಸೋತು ಸೇರಿದ ಈ ನೀರಿಗೆ ಸೂಜಿ ಹಾಕುವುದಿಲ್ಲ. ಮಾಸ್ಕ್ ಮೂಲಕ ಒತ್ತಡದ ಗಾಳಿ, ಹೃದಯದ ಹೊರೆ ಇಳಿಸುವ ಔಷಧಿ, ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಾರೆ. ಕೆಲವು ಗಂಟೆ ಬಿಟ್ಟು ಅದೇ ಜಾಗಕ್ಕೆ ಪ್ರೋಬ್ ಇಟ್ಟಾಗ ಗೆರೆಗಳು ವಿರಳವಾಗಿ, ಎ-ಲೈನ್‌ಗಳು ಮತ್ತೆ ಕಾಣತೊಡಗಿದ್ದರೆ ನೀರು ಇಳಿಯುತ್ತಿದೆ ಎಂದರ್ಥ.