ಲಂಬ ರೇಖೆಗೆ ಇಳಿಜಾರು ಏಕಿಲ್ಲ?

(2, 5) ಮತ್ತು (7, 5) ಎಂಬ ಎರಡು ಬಿಂದುಗಳನ್ನು ತೆಗೆದುಕೊಳ್ಳೋಣ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಡ್ಡಲಾಗಿ 5 ಮಾನ ಸಾಗುತ್ತೇವೆ, ಮೇಲಕ್ಕೆ ಒಂದಿಷ್ಟೂ ಏರುವುದಿಲ್ಲ. ಏರಿಕೆಯನ್ನು ಅಡ್ಡ ದೂರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಇಳಿಜಾರು. ಇಲ್ಲಿ ಅದು 0/5, ಅಂದರೆ ಸೊನ್ನೆ. ಇನ್ನು (3, 1) ಮತ್ತು (3, 9) ಬಿಂದುಗಳನ್ನು ಸೇರಿಸುವ ಲಂಬ ರೇಖೆಯಲ್ಲಿ ಏರಿಕೆ 8, ಅಡ್ಡ ದೂರ ಸೊನ್ನೆ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ 8 ಬರುವುದಿಲ್ಲವಾದ್ದರಿಂದ 8/0 ಎಂಬುದಕ್ಕೆ ಉತ್ತರವಿಲ್ಲ. ಅಡ್ಡಗೆರೆಯ ಇಳಿಜಾರು ಸೊನ್ನೆ, ಲಂಬ ರೇಖೆಯ ಇಳಿಜಾರಿಗೆ ವ್ಯಾಖ್ಯೆಯಿಲ್ಲ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ‘ಇಳಿಜಾರು ಸೊನ್ನೆ’, ‘ಇಳಿಜಾರು ಇಲ್ಲ’ ಎಂಬೆರಡು ಮಾತುಗಳು ಹೆಚ್ಚುಕಡಿಮೆ ಒಂದೇ ಎನಿಸುವುದರಿಂದ ಅದಲುಬದಲು ಮಾಡುವುದೂ ಸಹಜ. ಆದರೆ ಲಂಬ ರೇಖೆಯಲ್ಲೇ ಏನೋ ಕೊರತೆಯಿದೆ ಎಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಡುವುದು ಅದಕ್ಕಿಂತ ದೊಡ್ಡ ತಪ್ಪೆಂದು ನನಗೆ ತೋರುತ್ತದೆ. ಈ ತೊಡಕು ಹುಟ್ಟಿದ್ದು ನಾವು ಆರಿಸಿಕೊಂಡ ಅಳತೆಯಿಂದ.

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಗಣಿತದ ಸುರುಳಿಯಾದ ರಿಂಡ್ ಪಪೈರಸ್‌ನ 56ನೆಯ ಲೆಕ್ಕ ಇದಕ್ಕೆ ಒಳ್ಳೆಯ ಸಾಕ್ಷಿ. ಪಿರಮಿಡ್ಡಿನ ಓರೆಯನ್ನು ಈಜಿಪ್ಟಿನವರು ‘ಸೆಕೆಡ್’ ಎಂಬ ಅಳತೆಯಿಂದ ಹೇಳುತ್ತಿದ್ದರು: ಒಂದು ಮೊಳ ಮೇಲೇರುವಷ್ಟರಲ್ಲಿ ಪಿರಮಿಡ್ಡಿನ ಮುಖ ಎಷ್ಟು ಅಂಗೈ ಅಗಲ ಒಳಕ್ಕೆ ಸರಿಯುತ್ತದೆ ಎಂಬುದೇ ಸೆಕೆಡ್. ಅವರ ಒಂದು ಮೊಳಕ್ಕೆ 7 ಅಂಗೈ. ಪಾದ 360 ಮೊಳ, ಎತ್ತರ 250 ಮೊಳ ಇರುವ ಪಿರಮಿಡ್ಡಿಗೆ ಲಿಪಿಕಾರನು ಪಾದದ ಅರ್ಧವಾದ 180ನ್ನು 250ರಿಂದ ಭಾಗಿಸಿ, 7ರಿಂದ ಗುಣಿಸಿ, 5 1/25 ಅಂಗೈ ಎಂಬ ಉತ್ತರ ಪಡೆಯುತ್ತಾನೆ. ನಮ್ಮ ಇಳಿಜಾರಿನ ಅಂಶ ಮತ್ತು ಛೇದ ಇಲ್ಲಿ ತಲೆಕೆಳಗಾಗಿವೆ. ಈ ಅಳತೆಯಲ್ಲಿ ನೆಟ್ಟಗಿನ ಗೋಡೆ ಒಳಕ್ಕೆ ಸರಿಯುವುದೇ ಇಲ್ಲ, ಆದ್ದರಿಂದ ಅದರ ಸೆಕೆಡ್ ಸೊನ್ನೆ. ಉತ್ತರವಿಲ್ಲದೆ ಉಳಿಯುವುದು ಮಟ್ಟಸವಾದ ನೆಲ.

ಸೊನ್ನೆಯಿಂದ ಭಾಗಿಸುವ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಭಾರತದ ಗಣಿತಜ್ಞರು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದ. ಬೇರೆ ಸಂಖ್ಯೆಗಳ ವಿಷಯದಲ್ಲಿ ಛೇದದಲ್ಲಿ ಸೊನ್ನೆಯಿರುವ ಭಿನ್ನರಾಶಿಯನ್ನು ಹಾಗೆಯೇ ಬಿಟ್ಟ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲವೆಂದ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಅಂಥ ರಾಶಿಗೆ ‘ಖಹರ’ ಎಂಬ ಹೆಸರಿಟ್ಟು, ಏನನ್ನು ಕೂಡಿಸಿದರೂ ಕಳೆದರೂ ಅದು ಬದಲಾಗದ ಅನಂತವೆಂದ.

ಹಾಗಾದರೆ ಲಂಬ ರೇಖೆಯ ಇಳಿಜಾರನ್ನು ಅನಂತವೆಂದೇ ಕರೆಯಬಹುದಲ್ಲ? ಬಲಕ್ಕೆ ವಾಲಿದ ಗೆರೆಯೊಂದನ್ನು ಮೆಲ್ಲಮೆಲ್ಲನೆ ನೆಟ್ಟಗೆ ನಿಲ್ಲಿಸುತ್ತ ಹೋದರೆ ಇಳಿಜಾರು 1, 10, 100, 1000 ಎಂದು ಮಿತಿಯಿಲ್ಲದೆ ಬೆಳೆಯುತ್ತದೆ. ಎಡಕ್ಕೆ ವಾಲಿದ ಗೆರೆಯನ್ನು ಅದೇ ನಿಲುವಿಗೆ ತಂದರೆ −1, −10, −100 ಎಂದು ಋಣ ದಿಕ್ಕಿನಲ್ಲಿ ಓಡುತ್ತದೆ. ಎರಡೂ ಗೆರೆಗಳು ಕೊನೆಗೆ ಸೇರುವುದು ಒಂದೇ ಲಂಬ ರೇಖೆಯಲ್ಲಿ. ಧನ ಅನಂತ, ಋಣ ಅನಂತಗಳಲ್ಲಿ ಒಂದನ್ನು ಆರಿಸಲು ಕಾರಣವೇ ಇಲ್ಲ.

ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್‌ನ ‘ಜ್ಯಾಮಿತಿ’ ಎಂಬ ಕೃತಿ 1637ರಲ್ಲಿ ಪ್ರಕಟವಾದ ಮೇಲೆ ರೇಖೆಗಳನ್ನು ಸಮೀಕರಣಗಳಾಗಿ ಬರೆಯುವ ದಾರಿ ತೆರೆಯಿತು. ಇಳಿಜಾರಿಗೆ ‘ಎಂ’ ಅಕ್ಷರವನ್ನು ಕೊಟ್ಟವನು ಅವನೇ ಎಂಬ ಕಥೆಗೆ ಆಧಾರವಿಲ್ಲ. ‘ವೈ = ಎಂ ಎಕ್ಸ್ + ಸಿ’ ಎಂಬ ರೂಪ ಎಷ್ಟೇ ಅನುಕೂಲಕರವಾಗಿದ್ದರೂ ಲಂಬ ರೇಖೆಗೆ ಅದರಲ್ಲಿ ಜಾಗವಿಲ್ಲ; ಮೇಲಿನ ಲಂಬ ರೇಖೆಯನ್ನು ‘ಎಕ್ಸ್ = 3’ ಎಂದು ಪ್ರತ್ಯೇಕವಾಗಿ ಬರೆಯಬೇಕು. ‘ಎ ಎಕ್ಸ್ + ಬಿ ವೈ + ಸಿ = 0’ ಎಂಬ ಸಾಮಾನ್ಯ ರೂಪದಲ್ಲಾದರೋ ಎರಡು ಬಗೆಯ ರೇಖೆಗಳಿಗೂ ಸಮಾನ ಸ್ಥಾನವಿದೆ, ಏಕೆಂದರೆ ಅಲ್ಲಿ ಭಾಗಾಕಾರವೇ ಇಲ್ಲ.

ಭಾಗಿಸದೆ ಎರಡು ಸಂಖ್ಯೆಗಳನ್ನು ಜೋಡಿಯಾಗಿಯೇ ಇಟ್ಟುಕೊಳ್ಳುವ ಈ ಉಪಾಯವನ್ನು ಇಂದಿನ ಕಂಪ್ಯೂಟರ್ ಭಾಷೆಗಳೂ ಬಳಸುತ್ತವೆ. ‘ಅಟಾನ್2’ ಎಂಬ ಫಂಕ್ಷನ್ನಿಗೆ ಏರಿಕೆ ಮತ್ತು ಅಡ್ಡ ದೂರಗಳನ್ನು ಬೇರೆಬೇರೆಯಾಗಿ ಕೊಟ್ಟರೆ, 0 ಮತ್ತು 5ಕ್ಕೆ 0 ಡಿಗ್ರಿಯ ಕೋನವನ್ನೂ, 8 ಮತ್ತು 0ಗೆ 90 ಡಿಗ್ರಿಯ ಕೋನವನ್ನೂ ಅದು ತಡವರಿಸದೆ ಕೊಡುತ್ತದೆ. ನಿಜಕ್ಕೂ ಅರ್ಥವಿಲ್ಲದ ಜೋಡಿ 0 ಮತ್ತು 0 ಮಾತ್ರ. ಅಲ್ಲಿ ಎರಡು ಬಿಂದುಗಳು ಒಂದರ ಮೇಲೊಂದು ಕುಳಿತಿರುತ್ತವೆ, ಅವುಗಳ ನಡುವೆ ಎಳೆಯಲು ನಿರ್ದಿಷ್ಟವಾದ ಒಂದು ರೇಖೆಯೇ ಇರುವುದಿಲ್ಲ.