ಪಿಕಪ್‌ಗೆ ವಿಂಟರ್ ಟೈರ್: ಇರುವ ರಿಮ್ ಸಾಕಾ, ಇನ್ನೊಂದು ಸೆಟ್ ಬೇಕಾ?

ಪ್ರಶ್ನೆ: ಸರ್, ಮೈಸೂರಿನಿಂದ ಕ್ಯಾಲ್ಗರಿಗೆ ಬಂದು ಆರು ತಿಂಗಳಾಯಿತು. ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ತಗೊಂಡಿದ್ದೇನೆ, 2018ರದ್ದು, 20 ಇಂಚಿನ ರಿಮ್. ಫೋರ್ ವೀಲ್ ಡ್ರೈವ್ ಇದೆಯಲ್ಲ, ಆದರೂ ವಿಂಟರ್ ಟೈರ್ ಬೇಕಾ? ಇದೇ ರಿಮ್‌ಗೆ ಹಾಕಿಸಲಾ, ಬೇರೆ ರಿಮ್ ಕೊಳ್ಳಲಾ?

ಉತ್ತರ: ಟೈರ್ ಬೇಕೇ ಬೇಕು. ಬೇರೆ ರಿಮ್ಮೂ ತಗೊಳ್ಳಿ, ಆದರೆ 20 ಇಂಚಿನದಲ್ಲ, 18ರದ್ದು.

ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಒತ್ತಿದಾಗ ನೆಲ ಹಿಡಿಯುವುದು ರಬ್ಬರ್ ಮಾತ್ರ, ಮತ್ತು ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಅದರ ಮೇಲೆ ಪಿಕಪ್‌ನಲ್ಲಿ ಎಂಜಿನ್ ಭಾರ ಎಲ್ಲ ಮುಂದೆ, ಹಿಂದೆ ಲೋಡ್ ಹಾಕುವ ಜಾಗ ಖಾಲಿ, ಹಾಗಾಗಿ ಐಸ್ ಇರುವ ತಿರುವಿನಲ್ಲಿ ಹಿಂಭಾಗ ಜಾರಿ ಪಕ್ಕಕ್ಕೆ ಬರುತ್ತದೆ. ದಯವಿಟ್ಟು ನಾಲ್ಕೂ ಚಕ್ರಕ್ಕೆ ಹಾಕಿಸಿ, ಎರಡಕ್ಕೆ ನಿಲ್ಲಿಸಬೇಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಾನೂನು. ನಿಮ್ಮ ಕ್ಯಾಲ್ಗರಿ ಇರುವ ಆಲ್ಬರ್ಟಾದಲ್ಲಿ ಅಂಥ ಕಾನೂನಿಲ್ಲ, ಆದರೆ ಐಸ್ ಎರಡೂ ಕಡೆ ಒಂದೇ ಅಲ್ವಾ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ.

ಇನ್ನು ರಿಮ್. ಒಂದೇ ಸೆಟ್ ಇದ್ದರೆ ವರ್ಷಕ್ಕೆ ಎರಡು ಸಲ ಟೈರ್ ಕಳಚಿ, ಹಾಕಿ, ಬ್ಯಾಲೆನ್ಸ್ ಮಾಡಿಸಬೇಕು. ಪ್ರತಿ ಸಲ ದುಡ್ಡು, ಮತ್ತೆ ರಿಮ್‌ಗೆ ಕೂರುವ ಟೈರಿನ ಅಂಚಿಗೂ ಪೆಟ್ಟು. ಬೇರೆ ಸೆಟ್ ಇದ್ದರೆ ಜ್ಯಾಕ್ ಹಾಕಿ ಮನೆ ಮುಂದೆಯೇ ಬದಲಿಸಬಹುದು, ನಿಮ್ಮ ಒಳ್ಳೆಯ ಅಲಾಯ್‌ಗೆ ರಸ್ತೆ ಉಪ್ಪೂ ತಾಗುವುದಿಲ್ಲ. ನಿಮ್ಮ ಟೈರಿನ ಅಳತೆ 275/55 ಆರ್ 20 (ಅಗಲ 275 ಮಿ.ಮೀ., ಪಕ್ಕದ ಗೋಡೆ ಅದರ ಶೇ. 55, ರಿಮ್ 20 ಇಂಚು) ಇರಬೇಕು, ಬಾಗಿಲಿನ ಚೀಟಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಇದೇ ಗಾಡಿಗೆ ಕಂಪನಿಯೇ 275/65 ಆರ್ 18 ಕೂಡ ಕೊಡುತ್ತಿತ್ತು. ಲೆಕ್ಕ ಹಾಕಿದರೆ ಎರಡರ ಒಟ್ಟು ಎತ್ತರದಲ್ಲಿ ವ್ಯತ್ಯಾಸ ಬರೀ 4 ಮಿ.ಮೀ., ಸ್ಪೀಡೋಮೀಟರ್‌ಗೆ ಗೊತ್ತೂ ಆಗದಷ್ಟು. ಆದರೆ ರಿಮ್‌ನ ಸುತ್ತ ಇರುವ ರಬ್ಬರ್ ಗೋಡೆ 151ರಿಂದ 179 ಮಿ.ಮೀ.ಗೆ ಏರುತ್ತದೆ. ಹಿಮದಡಿ ಅಡಗಿದ ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದು ಅದೇ ಗೋಡೆ. ಟೈರಿನ ರೇಟೂ ಸಾಮಾನ್ಯವಾಗಿ ಕಮ್ಮಿ.

ಹಳೆಯ ರಿಮ್ ಹುಡುಕುವವರು ಹೆಚ್ಚು ಮೋಸ ಹೋಗುವುದು ಇಲ್ಲಿ. ಆರು ನಟ್ ಇದೆ, ಸರಿಹೋಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಎಫ್-150ಯ ಆರು ಬೋಲ್ಟ್ ಕೂರುವ ವೃತ್ತ 135 ಮಿ.ಮೀ.; ಶೆವರ್ಲೆ ಸಿಲ್ವರಾಡೊ 1500ಯದು 139.7. ಕಣ್ಣಿಗೆ ಒಂದೇ ಥರ ಕಂಡರೂ ಕೂರುವುದಿಲ್ಲ. ನಡುವಿನ ತೂತು 87.1 ಮಿ.ಮೀ. ಇರಬೇಕು. ರಿಮ್ ಒಳಕ್ಕೆ ಎಷ್ಟು, ಹೊರಕ್ಕೆ ಎಷ್ಟು ಕೂರುತ್ತದೆ ಅನ್ನುವ ಆಫ್‌ಸೆಟ್ ಕೂಡ ನಿಮ್ಮ ಈಗಿನದಕ್ಕೆ ಹತ್ತಿರವಿರಲಿ, ಟೈರ್ ಎಷ್ಟು ಭಾರ ಹೊರುತ್ತದೆ ಅನ್ನುವ ಲೋಡ್ ಇಂಡೆಕ್ಸ್ ಚೀಟಿಯಲ್ಲಿರುವುದಕ್ಕಿಂತ ಕಮ್ಮಿ ಬೇಡ. ಗಾಳಿಯ ಸೆನ್ಸರ್ ಹಾಕದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಉರಿಯುತ್ತಲೇ ಇರುತ್ತದೆ. ಕೆನಡಾದಲ್ಲಿ ಅದು ಕಡ್ಡಾಯವಲ್ಲ, ಆದರೂ ನಾನು ಹಾಕಿಸಿ ಅಂತಲೇ ಹೇಳುತ್ತೇನೆ, ಯಾಕಂದರೆ ಉಷ್ಣಾಂಶ 5-6 ಡಿಗ್ರಿ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ ಗಾಳಿ ಇಳಿಯುತ್ತದೆ, ಮೈನಸ್ 25ರಲ್ಲಿ ಕೆಳಗೆ ಬಗ್ಗಿ ಗೇಜ್ ಹಿಡಿಯುವ ಮನಸ್ಸು ಯಾರಿಗೂ ಬರುವುದಿಲ್ಲ.

ಹಾಕುವಾಗ ಚಕ್ರ ಕೂರುವ ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ. ನಟ್‌ಗಳನ್ನು ಒಂದಾದ ಮೇಲೆ ಎದುರಿನದು ಅನ್ನುವ ಹಾಗೆ ಬಿಗಿ ಮಾಡಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ 150 ಪೌಂಡ್-ಅಡಿ, ಅಂದರೆ 204 ನ್ಯೂಟನ್ ಮೀಟರ್. ಬೋಲ್ಟ್‌ಗೆ ಎಣ್ಣೆ, ಗ್ರೀಸ್ ಬೇಡ. 80-100 ಕಿ.ಮೀ. ಓಡಿಸಿದ ಮೇಲೆ ಮತ್ತೆ ಟಾರ್ಕ್ ನೋಡಲೇಬೇಕು. ನನ್ನ ಮೊದಲ ಚಳಿಗಾಲದಲ್ಲಿ ಟೈರ್ ಅಂಗಡಿಯವರು ಇದನ್ನು ಹೇಳಲೇ ಇಲ್ಲ. ಮೂರನೇ ದಿನ ಹೈವೇಯಲ್ಲಿ ಎಡ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು ಶುರುವಾಯಿತು, ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಎರಡು ನಟ್ ಕೈಯಲ್ಲೇ ತಿರುಗುತ್ತಿದ್ದವು. ಅವತ್ತಿನಿಂದ ಟಾರ್ಕ್ ವ್ರೆಂಚ್ ಸೀಟಿನ ಕೆಳಗೇ ಇರುತ್ತದೆ.